ತಿಳಿ ಲೋಟದಾಚೆ ಅತ್ತೆಯ ಚೀಟಿ

ಬೆಳಗಿನ ಐದೂ ಮುಕ್ಕಾಲು. ಮೂವತ್ತೆಂಟು ಮೆಟ್ಟಿಲು ಇಳಿದರೆ ಒಂದು ನೆಲಮಾಳಿಗೆ. ಅಲ್ಲಿ ಆರು ಉಕ್ಕಿನ ಟ್ಯಾಂಕುಗಳು ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿವೆ. ಮಂಡಿಯುದ್ದದ ರಬ್ಬರ್ ಬೂಟು, ಗಂಡನ ಹಳೆಯ ಸ್ವೆಟರ್, ಅದರ ಮೇಲೊಂದು ಏಪ್ರನ್ ತೊಟ್ಟ ಐವತ್ತೆರಡರ ಹೆಂಗಸೊಬ್ಬರು ನಾಲ್ಕನೇ ಟ್ಯಾಂಕಿನ ಮುಂದೆ ಬಂದು ನಿಲ್ಲುತ್ತಾರೆ. ಅದರ ತಣ್ಣನೆಯ ಹೊಟ್ಟೆಯ ಮೇಲೆ ಅಂಗೈ ಇಡುತ್ತಾರೆ. ಮಲಗಿದವರನ್ನು ಎಬ್ಬಿಸಬೇಕೋ ಇನ್ನೂ ಸ್ವಲ್ಪ ಹೊತ್ತು ಬಿಡಬೇಕೋ ಎಂದು ನೋಡುವವರ ಹಾಗೆ.

“ಚೆನ್ನಾಗಿ ನಿದ್ದೆ ಮಾಡಿದೆ. ಏಳಿಸಬಹುದು.”

ನಿದ್ದೆ ಮಾಡಿರುವುದು ಸಾವಿರ ಲೀಟರ್ ಬಿಯರ್. ಈ ಸಣ್ಣ ಬ್ರೂವರಿಯಲ್ಲಿ ಅದನ್ನು ತಿಳಿಯಾಗಿಸುವುದು ಅವರ ಕೆಲಸ. ಆದ್ದರಿಂದ ಇಲ್ಲಿ ಅವರಿಗೆ ಹೆಸರೇ ತಿಳಿಯಕ್ಕ. ಟ್ಯಾಂಕಿನ ಪಕ್ಕೆಯಲ್ಲಿ ಕಿರುಬೆರಳಿನಷ್ಟು ದಪ್ಪದ ನಲ್ಲಿಯೊಂದಿದೆ. ಅದರ ಬಾಯಿಗೆ ಸ್ಪಿರಿಟ್ ಚಿಮುಕಿಸಿ, ಮೊದಲು ಬಂದದ್ದನ್ನು ಬಕೆಟ್ಟಿಗೆ ಬಿಟ್ಟು, ಆಮೇಲೆ ಬಂದದ್ದನ್ನು ಚಪ್ಪಟೆ ಗೋಡೆಯ ಪುಟ್ಟ ಗಾಜಿನ ಪೆಟ್ಟಿಗೆಗೆ ತುಂಬುತ್ತಾರೆ. ಗಾಜಿನ ಹೊರಮೈ ಕ್ಷಣದಲ್ಲಿ ಬೆವರುತ್ತದೆ. ಹತ್ತಿ ಬಟ್ಟೆಯಿಂದ ಒರೆಸುತ್ತಾರೆ. ಮತ್ತೆ ಬೆವರುತ್ತದೆ, ಮತ್ತೆ ಒರೆಸುತ್ತಾರೆ.

“ಮಬ್ಬಣ್ಣಾ, ಬಾರಪ್ಪ. ಲಕೋಟೆ ತಾ.”

ಆಕಳಿಸುತ್ತ ಬಂದವರು ಇಲ್ಲಿಯ ಬ್ರೂವರ್. ಬಿಯರ್ ಕುದಿಸುವುದು, ಹುದುಗಿಸುವುದು ಅವರ ಜವಾಬ್ದಾರಿ. ವಯಸ್ಸು ಮೂವತ್ನಾಲ್ಕು. ಅಂಟಿಸಿದ ಲಕೋಟೆಯೊಂದನ್ನು ಹರಿದು, ಒಳಗಿನ ಚೀಟಿಯನ್ನು ತಿಳಿಯಕ್ಕನಿಗೆ ತೋರಿಸದೆ ಗಾಜಿನ ಪೆಟ್ಟಿಗೆಯ ಹಿಂದೆ ಹಿಡಿಯುತ್ತಾರೆ. ಅದರ ಹಿಂದೆ ಟಾರ್ಚು. ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರಗಳು. ತಿಳಿಯಕ್ಕ ಕನ್ನಡಕ ಮೇಲಕ್ಕೆ ತಳ್ಳಿ, ಬಿಯರಿನ ಮೂಲಕ ಒಂದೊಂದೇ ಪದ ಓದುತ್ತಾರೆ.

“ಸೊಸೆ... ಹಾಡಿಕೊಂಡು... ಪಾತ್ರೆ ತೊಳೆದರೆ... ಪಾತ್ರೆಯೂ ತೊಳೆದ ಹಾಗಾಗುವುದಿಲ್ಲ... ಹಾಡೂ ಹಾಡಿದ ಹಾಗಾಗುವುದಿಲ್ಲ.”

ಬ್ರೂವರ್ ನಕ್ಕು ಟ್ಯಾಂಕಿನ ಕಾಲು ಹಿಡಿದುಕೊಳ್ಳುತ್ತಾರೆ. ಅವರಿಗಿಂತ ಹೆಚ್ಚು ನಗುತ್ತಿರುವವರು ಬೈಸಿಕೊಂಡವರೇ. “ನಮ್ಮತ್ತೆ,” ಎಂದು ಪತ್ರಿಕೆಗೆ ಬರೆಯಲು ಬಂದ ನನ್ನ ಕಡೆ ತಿರುಗುತ್ತಾರೆ. “ನೋಡಿ, ಬೈಸ್ಕೊಂಡೆ ಅಂದ್ರೆ ತಿಳಿ ಆಯ್ತು ಅಂತ. ಮಬ್ಬಾಗಿದ್ರೆ ಬೈಗುಳ ಕಾಣ್ತಾನೇ ಇರ್ಲಿಲ್ಲ.”

ಇಂದಿನ ಬೈಗುಳಕ್ಕೆ ಎಂದಿಗಿಂತ ಹೆಚ್ಚು ತೂಕವಿದೆ. ಪ್ರತಿ ಟ್ಯಾಂಕಿನ ಕುತ್ತಿಗೆಯಲ್ಲೂ ಒಂದು ಸ್ಲೇಟು ತೂಗುತ್ತದೆ. ಒಳಗೇನಿದೆ, ಮುಂದೆ ಏನು ಬರುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ನಾಲ್ಕನೇ ಟ್ಯಾಂಕಿನ ಸ್ಲೇಟಿನಲ್ಲಿ ‘ಮುಂದೆ’ ಎಂಬುದರ ಎದುರು ಖಾಲಿ. ಇಂದಿನಿಂದ ಹತ್ತು ದಿನದೊಳಗೆ ಈ ಸಾವಿರ ಲೀಟರನ್ನು ಮೇಲಿನ ಹಜಾರದಲ್ಲಿ ಜನ ಕುಡಿದು ಮುಗಿಸಬೇಕು. ಮುಗಿಸದಿದ್ದರೆ ಆ ಖಾಲಿ ಜಾಗಕ್ಕೆ ‘ಮಬ್ಬು’ ಎಂದು ಬೀಳುತ್ತದೆ. ಸೋಸುವ ಯಂತ್ರ ಮಾರಾಟವಾಗುತ್ತದೆ. ತಿಳಿಯಕ್ಕ ಬರೀ ಪೀಪಾಯಿ ತೊಳೆಯಲು ಹೋಗುತ್ತಾರೆ.

“ಕೆಲಸ ಹೋಗಲ್ಲ, ಸಂಬಳಾನೂ ಹೋಗಲ್ಲ. ಬ್ರೂವರಿ ಯಜಮಾನ್ರು ಒಳ್ಳೆಯವರು,” ಎನ್ನುತ್ತಾರೆ. “ಕಣ್ಣಿನ ಕೆಲಸ ಹೋಗತ್ತೆ. ಅದು ನಂಗೆ ಒಂದ್ಸಲ ಹೋಗಿದೆ. ಎರಡನೇ ಸಲ ಬೇಡ ಅಂತ.”

*

ಬಿಯರ್ ಕುಡಿಯದವರಿಗಾಗಿ ಎರಡು ಮಾತು. ನಾನೂ ಕುಡಿಯದವನೇ, ಆದ್ದರಿಂದ ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ. ಐಪಿಎ ಎಂಬುದು ಬಿಯರಿನ ಒಂದು ಜಾತಿ. ಹಾಪ್ಸ್ ಎಂಬ ಹಸಿರು ಹೂವನ್ನು ಧಾರಾಳವಾಗಿ ಹಾಕುವುದರಿಂದ ಅದಕ್ಕೆ ಕಹಿಯೂ ಹೆಚ್ಚು, ಪರಿಮಳವೂ ಹೆಚ್ಚು. ಮೊದಲೆಲ್ಲ ಅದು ಗಾಜಿನಷ್ಟೇ ತಿಳಿಯಾಗಿರುತ್ತಿತ್ತು. ಕೆಲವು ವರ್ಷಗಳಿಂದ ಗಾಳಿ ತಿರುಗಿದೆ. ಓಟ್ಸು, ಗೋಧಿ ಸೇರಿಸಿ, ಸೋಸದೆ, ಕಿತ್ತಳೆ ರಸದ ಹಾಗೆ ಮಬ್ಬಾಗಿಯೇ ಕೊಡುವ ಐಪಿಎ ಬಂದಿದೆ. ಹೇಜಿ ಎನ್ನುತ್ತಾರೆ. ನಾಲಿಗೆಗೆ ಮೆತ್ತಗೆ, ಮೂಗಿಗೆ ಹಣ್ಣಿನ ಬುಟ್ಟಿ. ಊರಿಗೆ ಊರೇ ಅದರ ಹಿಂದೆ. ಇಲ್ಲಿಯ ಆರು ಟ್ಯಾಂಕುಗಳಲ್ಲಿ ತಿಳಿ ಬಿಯರಿನ ಪಾಲಿಗೆಂದೇ ಉಳಿದಿರುವುದು ಇದೊಂದೇ.

ಮಬ್ಬು ಬಿಯರಿನ ಕಟ್ಟಾ ಅಭಿಮಾನಿ ಇಲ್ಲಿಯ ಬ್ರೂವರ್. ಆ ಕಾರಣಕ್ಕೇ ತಿಳಿಯಕ್ಕ ಅವರಿಗೆ ಮಬ್ಬಣ್ಣ ಎಂದು ಹೆಸರಿಟ್ಟರು. ಇಬ್ಬರ ನಡುವೆ ದಿನವೂ ವಾದ ನಡೆಯುತ್ತದೆ; ಪೈಪು ಎಳೆಯುತ್ತ, ನೆಲಕ್ಕೆ ನೀರು ಹೊಡೆಯುತ್ತ.

“ನಿನ್ನ ಲೋಟದೊಳಗೆ ಮೀನು ಈಜಿದ್ರೂ ಕಾಣಲ್ವಲ್ಲೋ ಮಬ್ಬಣ್ಣ.”

“ಮೀನಿಗೆ ಖುಷಿಯಾಗಿರತ್ತೆ ಬಿಡಕ್ಕ. ನಿನ್ನ ಲೋಟದಲ್ಲಿ ಅದಕ್ಕೆ ಮಾನ ಮುಚ್ಕೊಳ್ಳೋಕೂ ಜಾಗ ಇಲ್ಲ.”

“ಅದೇ ನಾನು ಹೇಳೋದು. ತಪ್ಪು ಮಾಡಿದ್ರೆ ತಿಳಿಯಲ್ಲಿ ಬಚ್ಚಿಟ್ಕೊಳ್ಳೋಕೆ ಆಗಲ್ಲ.”

“ಮಬ್ಬಲ್ಲೂ ಆಗಲ್ಲ. ನಾಲಿಗೆಗೆ ಗೊತ್ತಾಗತ್ತೆ. ನೀನು ಕಣ್ಣಲ್ಲಿ ಕುಡಿಯೋಳು, ನಿಂಗೇನು ಗೊತ್ತು?”

ಮಾತು ಅಲ್ಲಿಗೆ ನಿಲ್ಲುತ್ತದೆ. ನೀರಿನ ಪೈಪು ಯಾರ ಕೈಯಲ್ಲಿದೆ ಎಂಬುದರ ಮೇಲೆ ಗೆದ್ದವರು ಯಾರೆಂದು ತೀರ್ಮಾನವಾಗುತ್ತದೆ.

ತಾಳ್ಮೆಯ ವಿಷಯದಲ್ಲಿ ಮಾತ್ರ ಬ್ರೂವರ್ ವಾದಿಸುವುದಿಲ್ಲ. ಮಬ್ಬು ಬಿಯರಿಗೆ ಹದಿನಾಲ್ಕು ದಿನ ಸಾಕು. ತಿಳಿಗೆ ಇಪ್ಪತ್ತೆರಡು ಬೇಕು. ಹುದುಗಿ ಮುಗಿದ ಮೇಲೆ ಪಕ್ಕದ ಟ್ಯಾಂಕಿನಲ್ಲಿ ಒಂದು ಡಿಗ್ರಿ ಚಳಿಯಲ್ಲಿ ಒಂದು ವಾರ ಅಲುಗಾಡಿಸದೆ ಬಿಡಬೇಕು. ಯೀಸ್ಟು, ಹೂವಿನ ಪುಡಿ ಎಲ್ಲ ಮೆಲ್ಲಗೆ ತಳ ಸೇರುತ್ತವೆ. ತಿಳಿಯಕ್ಕ ಎರಡು ದಿನಕ್ಕೊಮ್ಮೆ ಕೆಳಗಿನ ಕವಾಟ ತೆರೆದು ಆ ಕೆಸರನ್ನು ಹೊರಬಿಡುತ್ತಾರೆ. ಬಳಿಕ ಇಪ್ಪತ್ತು ದಪ್ಪ ಹಾಳೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದ ಯಂತ್ರದ ಮೂಲಕ ಬಿಯರ್ ಹಾಯಿಸುತ್ತಾರೆ. ಸೋಸಿದ್ದು ನಾಲ್ಕನೇ ಟ್ಯಾಂಕಿಗೆ ಬಂದು ಒಂದು ರಾತ್ರಿ ಮಲಗುತ್ತದೆ. ಇದರ ನಡುವೆ ದಿನಕ್ಕೆ ನಲವತ್ತು ಪೀಪಾಯಿ ತೊಳೆಯುವುದು ಇದ್ದೇ ಇದೆ. ರುಚಿ ನೋಡುವುದು ಎರಡೇ ಗುಟುಕು, “ಅದೂ ಕೆಲಸದ ಲೆಕ್ಕ.”

ಹಾಗಾದರೆ ಆ ರುಚಿ ಎಂಥದ್ದು ಎಂದು ಕೇಳುತ್ತೇನೆ.

“ಕಹಿ. ಆದ್ರೆ ಮೋಸ ಇಲ್ಲದ ಕಹಿ. ಒಳಗೆ ಬಂತು, ನಮಸ್ಕಾರ ಹೇಳ್ತು, ಹೋಯ್ತು. ಬಾಯಲ್ಲಿ ಕೂತು ಹರಟೆ ಹೊಡಿಯಲ್ಲ. ಅದು ಹೋದ್ಮೇಲೆ ಬಾಯಿ ಗುಡಿಸಿದ ಅಂಗಳ ಇದ್ದ ಹಾಗಿರತ್ತೆ.”

*

ಕಣ್ಣಿನ ಕೆಲಸ ಅವರಿಗೆ ಮೊದಲು ಸಿಕ್ಕಿದ್ದು ಇಪ್ಪತ್ತೇಳನೇ ವಯಸ್ಸಿನಲ್ಲಿ, ತಂಪು ಪಾನೀಯದ ಕಾರ್ಖಾನೆಯೊಂದರಲ್ಲಿ. ತೊಳೆದ ಖಾಲಿ ಬಾಟಲಿಗಳು ಬಿಳಿ ದೀಪದ ಹಲಗೆಯ ಮುಂದೆ ನಿಮಿಷಕ್ಕೆ ಅರವತ್ತರಂತೆ ಸಾಗುತ್ತಿದ್ದವು. ಎದುರು ಸ್ಟೂಲಿನಲ್ಲಿ ಕೂತು ನೋಡುವುದು. ಕೊಳೆ, ಬಿರುಕು, ಕಸ ಕಂಡರೆ ಎತ್ತಿ ಪಕ್ಕಕ್ಕಿಡುವುದು. ಇಪ್ಪತ್ತು ನಿಮಿಷ ನೋಡಿದರೆ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡಿರಬೇಕು ಎಂಬುದು ಅಲ್ಲಿಯ ನಿಯಮ.

“ಸಂಬಳ ಕೊಟ್ಟು ಕಣ್ಣು ಮುಚ್ಕೋ ಅನ್ನೋ ಕೆಲಸ ಬೇರೆ ಎಲ್ಲಾದ್ರೂ ಇದ್ಯಾ ಹೇಳಿ,” ಎಂದು ನಗುತ್ತಾರೆ. “ಒಂದ್ಸಲ ಬಾಟಲಿ ಒಳಗೆ ಬೀಗದ ಕೀ ಸಿಕ್ಕಿತ್ತು. ತೊಳೆಯೋ ಯಂತ್ರದಿಂದ ಪಾಸಾಗಿ ಬಂದಿತ್ತು, ಫಳಫಳ ಅಂತ. ಯಾರ ಮನೆ ಬೀಗಾನೋ, ಪಾಪ.”

ಆ ಕಾರ್ಖಾನೆ ವರ್ಷಕ್ಕೆರಡು ಸಲ ತಪಾಸಣೆಯವರ ಕಣ್ಣಿನ ಪರೀಕ್ಷೆ ಮಾಡಿಸುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕುಶಲಕರ್ಮಿಯೊಬ್ಬರು ಅಕ್ಷರದ ಪಟ ಹಿಡಿದು ಬರುತ್ತಿದ್ದರು. ತಿಳಿಯಕ್ಕ ಕೊನೆಯ ಸಾಲಿನವರೆಗೆ ತಡವರಿಸದೆ ಓದಿದರು. “ನಂಬರೇ ಇಲ್ಲದ ಕಣ್ಣು. ನಿಮ್ಮಿಂದ ನನಗೆ ಏನೂ ವ್ಯಾಪಾರ ಇಲ್ಲ,” ಎಂದರಂತೆ ಆತ. ಮರುವರ್ಷ ಮದುವೆಯಾದರು.

“ಹದಿನೆಂಟು ವರ್ಷ ಕಾದು ಕೊನೆಗೂ ಒಂದು ಕನ್ನಡಕ ಮಾರಿದೆ,” ಎನ್ನುತ್ತಾರೆ ಗಂಡ, ಹೆಂಡತಿಯ ಮೂಗಿನ ಮೇಲಿರುವುದನ್ನು ತೋರಿಸಿ. “ಅದೂ ಸಾಲ.”

ಕಾರ್ಖಾನೆಗೆ ಸೇರಿ ಹನ್ನೊಂದು ವರ್ಷಕ್ಕೆ ಬಾಟಲಿ ನೋಡಲು ಕ್ಯಾಮರಾ ಬಂತು. ಕ್ಯಾಮರಾಕ್ಕೆ ಹತ್ತು ನಿಮಿಷದ ಬಿಡುವು ಬೇಡ. ಸ್ಟೂಲುಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗಿಟ್ಟ ದಿನ ತಿಳಿಯಕ್ಕ ಮನೆಗೆ ನಡೆದುಕೊಂಡೇ ಬಂದರು. ದಾರಿಯುದ್ದಕ್ಕೂ ಅಂಗಡಿಗಳ ಗಾಜು, ಬಸ್ಸಿನ ಗಾಜು, ಎಲ್ಲದರಲ್ಲೂ ಬಿರುಕು ಹುಡುಕುತ್ತಿದ್ದರಂತೆ. ಕೆಲವು ತಿಂಗಳ ಬಳಿಕ ಈ ಬ್ರೂವರಿಗೆ ಪೀಪಾಯಿ ತೊಳೆಯಲು ಸೇರಿದರು. ಸೋಸುವ ಕೆಲಸದಲ್ಲಿದ್ದ ಹಿರಿಯರು ಬಿಟ್ಟುಹೋಗುವಾಗ ಯಜಮಾನರು, “ಯಾರಿಗಾದ್ರೂ ಕಣ್ಣು ಚೆನ್ನಾಗಿದೆಯೇನ್ರಪ್ಪ?” ಎಂದು ಕೇಳಿದರು. ತೊಳೆಯುವ ತೊಟ್ಟಿಯಿಂದ ಒಂದು ಒದ್ದೆ ಕೈ ಮೇಲೆದ್ದಿತು. ಇಲ್ಲಿಗೆ ಬಂದು ಈಗ ಹದಿನಾಲ್ಕು ವರ್ಷ.

ಗಂಡನ ಗಾಜಿನ ತಿಳಿವಳಿಕೆಯೂ ಜತೆಗೆ ನೆಲಮಾಳಿಗೆಗೆ ಇಳಿಯಿತು. ದುಂಡು ಲೋಟವೇ ಒಂದು ಭೂತಗನ್ನಡಿ, ಅದು ಸುಳ್ಳು ಹೇಳುತ್ತದೆ, ಪರೀಕ್ಷೆಗೆ ಚಪ್ಪಟೆ ಗೋಡೆಯ ಗಾಜು ಬೇಕು ಎಂದು ಆ ಪುಟ್ಟ ಪೆಟ್ಟಿಗೆಯನ್ನು ಅಂಟಿಸಿಕೊಟ್ಟವರು ಅವರು. ಅಂಗಡಿಯಲ್ಲಿ ಎಸೆಯಲಿಟ್ಟಿದ್ದ ಹಳೆಯ ಅಕ್ಷರದ ಪಟದ ಕೊನೆಯ ಸಾಲನ್ನು ಕತ್ತರಿಸಿ ತಂದುಕೊಟ್ಟವರೂ ಅವರೇ. ಆ ಪಟ್ಟಿಯಲ್ಲಿ ಆರು ಅಕ್ಷರ. ಅದನ್ನು ಬಿಯರಿನ ಹಿಂದೆ ಹಿಡಿದು ಮೊದಲ ಅಕ್ಷರವಾದ ‘ಠ’ದ ಹೊಟ್ಟೆಯೊಳಗಿನ ಚುಕ್ಕಿ ಕಂಡರೆ ಬಿಯರ್ ಮೇಲಕ್ಕೆ ಹೋಗಬಹುದು. ಚುಕ್ಕಿ ಕರಗಿದ ಹಾಗಿದ್ದರೆ ಇನ್ನೊಮ್ಮೆ ಸೋಸಬೇಕು. ಒಂಬತ್ತು ವರ್ಷ ಹೀಗೇ ನಡೆಯಿತು.

*

ತಪ್ಪು ನಡೆದದ್ದು ಎರಡು ತಿಂಗಳ ಹಿಂದೆ.

ಸೋಸುವ ಹಾಳೆಗೆ ಒರಟು ಮೈ, ನುಣುಪು ಮೈ ಎಂದು ಎರಡು ಬದಿ. ಒರಟು ಮೈಯಿಂದ ಬಿಯರ್ ಒಳಹೋಗಿ ನುಣುಪು ಮೈಯಿಂದ ಹೊರಬರಬೇಕು. ಅಂದು ಇಪ್ಪತ್ತರಲ್ಲಿ ಮೂರು ಹಾಳೆ ತಿರುವುಮುರುವಾಗಿ ಕೂತಿದ್ದವು. ಅದು ಯಾರ ಕೈಯಿಂದಲೂ ಆಗಬಹುದಾದ ತಪ್ಪು, ಪರೀಕ್ಷೆಯಲ್ಲಿ ಸಿಕ್ಕಿಬೀಳಬೇಕಿತ್ತು. ತಿಳಿಯಕ್ಕ ಎಂದಿನಂತೆ ಪಟ್ಟಿ ಹಿಡಿದರು, ಎಂದಿನಂತೆ ಗಟ್ಟಿಯಾಗಿ ಓದಿದರು, “ಠ ಘ ಛ ಥ ಧ ಷ”. ಕವಾಟ ತೆರೆದು ಬಿಯರನ್ನು ಮೇಲಕ್ಕೆ ಕಳಿಸಿಬಿಟ್ಟರು.

ಸಂಜೆ ಯಾವುದೋ ಪೈಪು ತರಲೆಂದು ಹಜಾರಕ್ಕೆ ಹೋದವರು ಕಿಟಕಿಯ ಬಳಿ ಒಬ್ಬರ ಕೈಯಲ್ಲಿದ್ದ ಲೋಟ ನೋಡಿದರು. ಹಿಂದಿನಿಂದ ಬಿಸಿಲು ಬೀಳುತ್ತಿತ್ತು. ಲೋಟದೊಳಗೆ ಬಿಸಿಲು ಹೋಗಿ ಅಲ್ಲೇ ಉಳಿದುಬಿಟ್ಟಿತ್ತು. ಕುಡಿಯುತ್ತಿದ್ದವರು ಕೇಳಿದರು, “ಹೊಸ ಹೇಜಿನಾ ಇದು? ಚೆನ್ನಾಗಿದೆ.”

“ಪೈಪು ಅಲ್ಲೇ ಬಿಟ್ಟೆ,” ಎನ್ನುತ್ತಾರೆ. “ಓಡಿಹೋಗಿ ಪಟ್ಟಿ ತಂದು ಮತ್ತೆ ಹಿಡಿದೆ. ಚುಕ್ಕಿ ಎಲ್ಲಿ? ಅಕ್ಷರಾನೇ ಇಲ್ಲ. ಬರೀ ಬೂದಿ ಗೆರೆ. ಹಾಗಾದ್ರೆ ಬೆಳಿಗ್ಗೆ ನಾನು ಓದಿದ್ದೇನು? ಆಗ ಗೊತ್ತಾಯ್ತು. ನಾನು ಓದ್ಲಿಲ್ಲ. ಒಪ್ಪಿಸ್ದೆ.”

ಸಂಜೆ ಪದ್ಯ ಒಪ್ಪಿಸದೆ ಊಟಕ್ಕೆ ಕೂರುವಂತಿಲ್ಲದ ಮನೆಯಲ್ಲಿ ಬೆಳೆದವರಿಗೆ ಈ ತಪ್ಪನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಯಿಗೆ ಬಂದ ಪದ್ಯ ಪುಸ್ತಕ ಮುಚ್ಚಿದ್ದರೂ ಹರಿಯುತ್ತದೆ; ನಡುವೆ ಒಂದು ಪುಟವೇ ಹರಿದುಹೋಗಿದ್ದರೂ ನಾಲಿಗೆಗೆ ತಿಳಿಯುವುದಿಲ್ಲ. ಒಂಬತ್ತು ವರ್ಷದ ಶ್ರದ್ಧೆಯೇ ತಿಳಿಯಕ್ಕನ ಕಣ್ಣಿಗೆ ಪೊರೆಯಾಗಿತ್ತು.

ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ಆರು ದಿನದ ಮೇಲೆ. ಸಾಮಾನ್ಯವಾಗಿ ತಿಳಿ ಬಿಯರಿನ ಒಂದು ಟ್ಯಾಂಕು ಖಾಲಿಯಾಗಲು ಹದಿನಾರು ದಿನ ಬೇಕು. ತಪ್ಪಿ ಮಬ್ಬಾದದ್ದು ಆರೇ ದಿನಕ್ಕೆ ಮುಗಿಯಿತು. ಯಜಮಾನರು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದರು.

“ಏನಮ್ಮ ಮಾಡಿದ್ರಿ ಈ ಸಲ? ಬಹಳ ಚೆನ್ನಾಗಿದೆ.”

“ತಪ್ಪು ಮಾಡ್ದೆ, ಯಜಮಾನ್ರೆ.”

“ಹಾಗಾದ್ರೆ ಇನ್ನು ಮೇಲೆ ಅದನ್ನೇ ಮಾಡಿ.”

ತಿಳಿಯಕ್ಕ ಅಂದು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ತಿರುವುಮುರುವಾದ ಮೂರು ಹಾಳೆಗಳನ್ನು ತಂದು ಮೇಜಿನ ಮೇಲಿಟ್ಟು, ಪಟ್ಟಿಯನ್ನೂ ಇಟ್ಟು, ಆದದ್ದನ್ನು ಆದ ಹಾಗೆ ಹೇಳಿದರು. ಕೊನೆಗೆ ಒಂದು ಮಾತು ಸೇರಿಸಿದರು: ಒಂದೇ ಒಂದು ಸಲ ಸರಿಯಾಗಿ ಮಾಡಿ ತೋರಿಸುತ್ತೇನೆ, ಆಮೇಲೆ ನಿಮ್ಮಿಷ್ಟ. ಯಜಮಾನರಿಗೆ ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಬಹಳ ಹೊತ್ತು ಗಲ್ಲ ಕೆರೆದುಕೊಂಡು ಗಡುವು ಕೊಟ್ಟರು, ಹತ್ತು ದಿನ.

*

ಲಕೋಟೆಯ ಉಪಾಯ ಹುಟ್ಟಿದ್ದು ಮನೆಯಲ್ಲಿ. ಗೊತ್ತಿರುವ ಸಾಲು ಇನ್ನು ಬೇಡ, ಪ್ರತಿ ಸಲ ಗೊತ್ತಿಲ್ಲದ ಸಾಲು ಬೇಕು. ಬರೆಯಲು ಗಂಡನ ಕೈ ಇದೆ. ಲೆನ್ಸಿನ ಮೇಲೆ ಗುರುತು ಹಾಕುವ ಸೂಜಿಮೊನೆಯ ಪೆನ್ನೂ ಇದೆ. ಬರೆಯುವುದೇನು? ಗಂಡ ಹೆಂಡತಿ ಯೋಚಿಸುತ್ತ ಕೂತಿದ್ದಾಗ ಮಂಚದ ಮೇಲಿಂದ ಎಂಬತ್ತೊಂದರ ಅತ್ತೆ ಕೇಳಿದರಂತೆ, “ಅವಳಿಗೆ ಗೊತ್ತಿಲ್ಲದ್ದು ತಾನೇ ಬೇಕು? ಬರ್ಕೋ, ಹೇಳ್ತೀನಿ.”

ಹೋದ ವರ್ಷ ಅವರ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ. ಅಂದಿನಿಂದ ಮನೆಯ ಮೂಲೆಮೂಲೆಯ ಧೂಳು ಅವರಿಗೆ ಕಾಣುತ್ತಿದೆ. “ಮೊದಲು ಮಂಜಲ್ಲಿ ಇದ್ದೆ, ಎಲ್ರೂ ಒಳ್ಳೆಯವರಾಗಿ ಕಾಣ್ತಿದ್ರು,” ಎಂದು ನನಗೆ ಹೇಳಿದರು, ನಗದೆ. ಸೊಸೆಯ ಕೆಲಸ ಎಲ್ಲಿ ಎಂದು ಯಾರಾದರೂ ಕೇಳಿದರೆ “ತಣ್ಣಗಿರೋ ಜಾಗದಲ್ಲಿ” ಎನ್ನುತ್ತಾರೆ. ಬ್ರೂವರಿಯ ಮೆಟ್ಟಿಲು ಹತ್ತಿದವರಲ್ಲ, ಇಳಿದವರೂ ಅಲ್ಲ.

ಹೀಗೆ ಅತ್ತೆ ಹೇಳುತ್ತಾರೆ, ಮಗ ಬರೆದು ಅಂಟಿಸುತ್ತಾರೆ, ಬ್ರೂವರ್ ಒಡೆದು ಹಿಡಿಯುತ್ತಾರೆ, ಸೊಸೆ ಬಿಯರಿನ ಮೂಲಕ ಓದುತ್ತಾರೆ. ನಾನು ಕಂಡದ್ದು ಇದರ ಮೊದಲ ಪರೀಕ್ಷೆ.

ಅಂದು ಬೆಳಿಗ್ಗೆ ಹೊರಡುವ ಮುನ್ನ, ನಿಮಗೇನು ಆಸೆ ಎಂದು ಕೇಳಿದೆ. ಟ್ಯಾಂಕು ಉಳಿಯಲಿ ಎನ್ನುತ್ತಾರೆ ಎಂದುಕೊಂಡಿದ್ದೆ. “ಅತ್ತೆಗೆ ಒಂದ್ಸಲ ತೋರಿಸ್ಬೇಕು,” ಎಂದರು. “ಇಷ್ಟು ವರ್ಷ ನಾನೇನು ಮಾಡ್ತೀನಿ ಅಂತ ಅವ್ರು ನೋಡೇ ಇಲ್ಲ. ಈಗ ಕಣ್ಣು ಬಂದಿದ್ಯಲ್ಲ.”

*

ಮೊದಲ ಮೂರು ದಿನ ಶುಭವಾಗಿರಲಿಲ್ಲ. ಹತ್ತು ದಿನಕ್ಕೆ ಮುಗಿಯಬೇಕಾದರೆ ದಿನಕ್ಕೆ ನೂರು ಲೀಟರ್ ಹೋಗಬೇಕು. ಅರವತ್ತೂ ಹೋಗಲಿಲ್ಲ. ತಿಳಿಯಕ್ಕ ಪೀಪಾಯಿ ತೊಳೆಯುತ್ತ ಹಾಡುವುದನ್ನು ನಿಲ್ಲಿಸಿದರು. “ಅತ್ತೆ ಮಾತಿಗೆ ಹೆದರಿ ಅಲ್ಲ,” ಎಂದು ತಾವೇ ಹೇಳಿಕೊಂಡರು.

ನಾಲ್ಕನೇ ಸಂಜೆ ಗಾಳಿ ತಿರುಗಿತು. ತಿರುಗಿಸಿದವರು ಮಬ್ಬು ಬಿಯರಿನ ಅಭಿಮಾನಿಯೇ. ಲೋಟ ತುಂಬಿಕೊಡುವ ಕಟ್ಟೆಯಲ್ಲಿ ಅಂದು ಬ್ರೂವರ್ ನಿಂತಿದ್ದರು. ಮೊದಲ ದಿನದ ಪರೀಕ್ಷೆಯ ಚೀಟಿ ಅವರ ಜೇಬಿನಲ್ಲೇ ಉಳಿದಿತ್ತು. ಬೆರಳು ಒರೆಸಿಕೊಳ್ಳಲು ಕೈಹಾಕಿದಾಗ ಅದು ಹೊರಬಂದು ಕಟ್ಟೆಯ ಮೇಲೆ ಬಿತ್ತು. ತಿಳಿ ಬಿಯರ್ ಹಿಡಿದಿದ್ದ ಒಬ್ಬರು ಏನದು ಎಂದು ಕೇಳಿದರು. ಬ್ರೂವರ್ ಚೀಟಿಯನ್ನು ಅವರ ಲೋಟದ ಹಿಂಬದಿಗೆ ಒತ್ತಿ ಹಿಡಿದರು. ದುಂಡು ಲೋಟ ನಿಜಕ್ಕೂ ಭೂತಗನ್ನಡಿ. ಸಾಸಿವೆಯಷ್ಟಿದ್ದ ಅಕ್ಷರಗಳು ಉಬ್ಬಿ ಹೊಂಬಣ್ಣದಲ್ಲಿ ಎದ್ದು ನಿಂತವು. ಹಾಡು ಮತ್ತು ಪಾತ್ರೆಯ ಆ ಮಾತನ್ನು ಗಿರಾಕಿ ಗಟ್ಟಿಯಾಗಿ ಓದಿದರು. ಅಕ್ಕಪಕ್ಕದವರು ನಕ್ಕರು. ಜತೆಗಿದ್ದ ಗೆಳೆಯ ತನ್ನ ಮಬ್ಬು ಲೋಟದ ಹಿಂದೆ ಚೀಟಿ ಒತ್ತಿ, ತಿರುಗಿಸಿ ಮುರುಗಿಸಿ ನೋಡಿದ. ಏನೂ ಕಾಣಲಿಲ್ಲ.

“ನಿನ್ನ ಲೋಟಕ್ಕೆ ಓದು ಬರಲ್ವಾ?” ಎಂದು ಯಾರೋ ಕೆಣಕಿದರು. ಆತ ಒಂದು ತಿಳಿ ತರಿಸಿದ.

ಮರುದಿನ ಸಂಜೆ ಬಂದವರು ಕೇಳಿದ್ದು ಬಿಯರಿನ ಹೆಸರನ್ನಲ್ಲ. “ಇವತ್ತಿನ ಮಾತೇನು?” ಎಂದು. ಮನೆಗೆ ಫೋನ್ ಹೋಯಿತು. ಅತ್ತೆ ಬಿಗುಮಾನ ಮಾಡಲಿಲ್ಲ. “ಅಲ್ಲಿ ಕೂತಿರೋರು ಯಾರು, ಗಂಡಸರಾ ಹೆಂಗಸರಾ, ಎಷ್ಟು ವಯಸ್ಸು?” ಎಂದು ವಿಚಾರಿಸಿ, ಅದಕ್ಕೆ ತಕ್ಕ ಹಾಗೆ ಹೇಳಿದರು. ಮಗ ಆ ರಾತ್ರಿ ಮೂವತ್ತು ಚೀಟಿ ಬರೆದರು. ಮೇಜಿಗೊಂದರಂತೆ ಇಟ್ಟ ಚೀಟಿಗಳಲ್ಲಿ ನಾನು ಕಂಡ ಕೆಲವು:

ಇದನ್ನು ಓದುತ್ತಿರುವವರು ಮನೆಗೆ ಫೋನ್ ಮಾಡಿ ಎಷ್ಟು ಹೊತ್ತಾಯಿತು?

ಪಕ್ಕದವರ ಚೀಟಿ ಇಣುಕುವವರಿಗೆ ತಮ್ಮ ಲೋಟ ಖಾಲಿಯಾದದ್ದು ಗೊತ್ತಾಗುವುದಿಲ್ಲ.

ನಗುವ ಮೊದಲು ನಿಮ್ಮ ಕಾಲರ್ ನೋಡಿಕೊಳ್ಳಿ.

ಚೀಟಿಗೆಂದು ಬಂದವರು ಚೀಟಿ ಓದಿ ಎದ್ದುಹೋಗಬಹುದಿತ್ತು. ಹೋಗಲಿಲ್ಲ. ಏಕೆಂದು ಹೇಳಿದವರು ಬ್ರೂವರ್. ಹೇಳುವಾಗ ಕೊಂಚ ಕಸಿವಿಸಿಯೂ ಇತ್ತು. “ಮೊದಲ ಲೋಟ ನಂದೇ ಗೆಲ್ಲತ್ತೆ, ಇವತ್ತಿಗೂ. ಘಮ ಘಮ ಅನ್ನತ್ತೆ, ಯಾರು ಬೇಡ ಅಂತಾರೆ? ಆದ್ರೆ ಅದು ಹೊಟ್ಟೆ ತುಂಬತ್ತೆ. ಅಕ್ಕಂದು ಬಾಯಿ ತೊಳೆದು ಜಾಗ ಮಾಡ್ಕೊಡತ್ತೆ. ಎರಡನೇ ಲೋಟ ಅಕ್ಕಂದು. ಬರ್ಕೊಳ್ಳಿ. ಆದ್ರೆ ಅಕ್ಕಂಗೆ ತೋರಿಸ್ಬೇಡಿ.”

ಬರೆದುಕೊಂಡಿದ್ದೇನೆ. ತೋರಿಸದಿರಲು ಪತ್ರಿಕೆಯಲ್ಲಿ ದಾರಿಯಿಲ್ಲ.

*

ಒಂಬತ್ತನೇ ದಿನ ಮಧ್ಯಾಹ್ನ ಮೂರಕ್ಕೆ ನಾಲ್ಕನೇ ಟ್ಯಾಂಕಿನಿಂದ ಕೊನೆಯ ಪೀಪಾಯಿ ತುಂಬಿತು. ತಿಳಿಯಕ್ಕ ಟ್ಯಾಂಕಿನ ಹೊಟ್ಟೆಗೆ ಗೆಣ್ಣಿನಿಂದ ಬಡಿದರು. ಟೊಳ್ಳು ಸದ್ದು. ಇನ್ನೊಮ್ಮೆ ಬಡಿದರು, ಸುಮ್ಮನೆ, ಕೇಳಲು ಚೆನ್ನಾಗಿತ್ತೆಂದು.

ಯಜಮಾನರು ಈ ಸಲ ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬಂದರು. ಸ್ಲೇಟಿನ ಮುಂದೆ ನಿಂತು ಬಳಪ ಹುಡುಕಿದರು. ಅದು ಅವರ ಕಿವಿಯ ಮೇಲೆಯೇ ಇತ್ತು. ‘ಮುಂದೆ’ ಎಂಬುದರ ಎದುರು ‘ತಿಳಿ’ ಎಂದು ಬರೆದು, ಅಕ್ಷರ ಸೊಟ್ಟಗಾಯಿತೆಂದು ಅಳಿಸಿ, ಮತ್ತೆ ಬರೆದರು.

“ಒಂದು ಮಾತು ಅಮ್ಮ. ಚೀಟಿ ದಿನಾ ಹೊಸದಿರಬೇಕು.”

“ಅದು ನನ್ನ ಕೈಲಿಲ್ಲ, ಯಜಮಾನ್ರೆ. ಮೇಲೆ ಬಂದು ಕೂತಿದ್ದಾರೆ. ಅವರನ್ನೇ ಕೇಳಿ.”

ಹಜಾರದ ಪಡುವಣ ಕಿಟಕಿಯ ಪಕ್ಕ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಅತ್ತೆ ಕೂತಿದ್ದರು. ಪಕ್ಕದಲ್ಲಿ ಅವರನ್ನು ಕರೆತಂದ ಮಗ. ಇನ್ನೂ ಗಿರಾಕಿಗಳು ಬರದ ಹೊತ್ತು. ಬಿಸಿಲು ಮೇಜುಗಳ ಮೇಲೆ ಉದ್ದಕ್ಕೆ ಮಲಗಿತ್ತು. ಕುಡಿಯಲು ಏನಾದರೂ ಕೊಡಲೇ ಎಂದು ಬ್ರೂವರ್ ಕೇಳಿದ್ದಕ್ಕೆ “ನೀರು. ಅದು ಮೊದಲಿಂದ ತಿಳಿಯಾಗೇ ಇದೆ, ಯಾರೂ ಕಷ್ಟ ಪಟ್ಟಿಲ್ಲ,” ಎಂದಿದ್ದರಂತೆ.

ಬ್ರೂವರ್ ಒಂದು ಲೋಟ ತಿಳಿ ಬಿಯರ್ ತಂದು ಮುಂದಿಟ್ಟು, ಅವರದೇ ಮಾತಿನ ಚೀಟಿಯನ್ನು ಹಿಂಬದಿಗೆ ಒತ್ತಿ ಹಿಡಿದರು. ಅತ್ತೆ ಮೂಗಿನ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಗ್ಗಿ ನೋಡಿದರು. ತುಟಿ ಅಲುಗದೆ ಪೂರ್ತಿ ಓದಿದರು.

“ಇವನು ಮಾಡ್ಕೊಟ್ಟ ಕನ್ನಡಕಕ್ಕಿಂತ ಇದೇ ವಾಸಿ.”

ಮಗ ಉಸಿರು ಬಿಟ್ಟು ಸೂರು ನೋಡಿದರು. ಬ್ರೂವರ್ ಕಟ್ಟೆಯ ಹಿಂದೆ ಬಗ್ಗಿ ಏನನ್ನೋ ಹುಡುಕತೊಡಗಿದರು. ಭುಜ ಮಾತ್ರ ಕುಲುಕುತ್ತಿತ್ತು.

ಅಷ್ಟರಲ್ಲಿ ತಿಳಿಯಕ್ಕ ನೆಲಮಾಳಿಗೆಯಿಂದ ಚಪ್ಪಟೆ ಗಾಜಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೂವತ್ತೆಂಟು ಮೆಟ್ಟಿಲು ಹತ್ತಿ ಬಂದರು. ಅದರ ಅಂಚಿನವರೆಗೆ ಕೊನೆಯ ಪೀಪಾಯಿಯ ಬಿಯರ್. ಹೊರಮೈ ಬೆವರಿತ್ತು. ಏಪ್ರನ್ನಿನ ತುದಿಯಿಂದ ಒರೆಸಿ ಅತ್ತೆಯ ಕೈಗೆ ಕೊಟ್ಟರು. ಎರಡು ಹೆಜ್ಜೆ ಹಿಂದೆ ಸರಿದು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ಕೈ ಕಟ್ಟಿ ನಿಂತರು.

ಅತ್ತೆ ಪೆಟ್ಟಿಗೆಯನ್ನು ಬಿಸಿಲಿಗೆ ಎತ್ತಿ ಹಿಡಿದರು. ಅವರ ಕೆನ್ನೆಯ ಮೇಲೆ ಜೇನಿನ ಬಣ್ಣದ ಒಂದು ಚೌಕ ಬಿತ್ತು. ಪೆಟ್ಟಿಗೆಯನ್ನು ಮೆಲ್ಲಗೆ ಕಣ್ಣಿನ ಹತ್ತಿರ ತಂದು, ಅದರ ಮೂಲಕ ಕಿಟಕಿ ನೋಡಿದರು, ಬೀದಿ ನೋಡಿದರು, ಮಗನನ್ನು ನೋಡಿದರು. ಕೊನೆಗೆ ಸೊಸೆಯ ಕಡೆ ತಿರುಗಿಸಿ, ಬಹಳ ಹೊತ್ತು ಹಾಗೇ ಹಿಡಿದಿದ್ದರು.

“ಏಪ್ರನ್ ಮೇಲೆ ಕಲೆ ಇದೆ,” ಎಂದರು. “ಎಡಗಡೆ, ಜೇಬಿನ ಕೆಳಗೆ. ಸಣ್ಣದು.”

ತಿಳಿಯಕ್ಕ ಬಗ್ಗಿ ನೋಡಿಕೊಂಡರು. ಇತ್ತು, ಸಾಸಿವೆ ಕಾಳಿನಷ್ಟು. ಅವರ ಮುಖ ಅರಳಿದ್ದನ್ನು ನಾನು ಯಾವ ಗಾಜಿನ ನೆರವೂ ಇಲ್ಲದೆ ಕಂಡೆ. ಮೆಟ್ಟಿಲ ಬಳಿ ಬಂದು ನಿಂತಿದ್ದ ಯಜಮಾನರ ಕಡೆ ತಿರುಗಿ ಅವರು ಹೇಳಿದರು:

“ಕೇಳಿಸ್ತಾ, ಯಜಮಾನ್ರೆ? ತಿಳಿ ಆಗಿದೆ.”